ಬಾಗಿಲಜ್ಜನ ಕ್ರಿಸ್‌ಮಸ್

ಒಂದು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಮೊದಲು ಮುಖಗಳನ್ನು ನೋಡುತ್ತಾರೆ. ನನ್ನ ಮಾವ ಬಾಗಿಲುಗಳನ್ನು ನೋಡುತ್ತಿದ್ದರು. ಮದುವೆಯ ಮಾತುಕತೆಗೆಂದು ನಮ್ಮ ಮನೆಗೆ ಬಂದ ದಿನವೇ, ಹುಡುಗನ ಗುಣಾವಗುಣಗಳ ವಿಚಾರಣೆಯನ್ನೆಲ್ಲ ಅತ್ತೆಯ ಪಾಲಿಗೆ ಬಿಟ್ಟು, ಹಜಾರದ ನಡುವೆ ನಿಂತು ಕತ್ತನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿಸಿ, "ಅದಿರಲಿ, ಹಿಂದಿನ ಬಾಗಿಲು ಒಳಗಡೆಗೆ ತೆಗೆಯುತ್ತೋ ಹೊರಗಡೆಗೋ?" ಎಂದು ಕೇಳಿದರು. ಹೊರಗಡೆಗೆ ಎಂದು ನನ್ನ ತಾಯಿ ಹೇಳಿದ ಮೇಲೆಯೇ ಅವರ ಮುಖದಲ್ಲಿ ಸಂಬಂಧ ಕುದುರಿದ ಕಳೆ ಮೂಡಿತು.

ಮೂವತ್ತಮೂರು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದ ಎತ್ತರದ ಆಳು. ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಆ ನಡಿಗೆಗೆ ತಾಳ ಹಾಕಿದಂತೆ ತುಟಿಯೊಳಗೇ ಒಂದು ಎಣಿಕೆ. ಎಲ್ಲಿ ಕೂತರೂ ಬಾಗಿಲಿಗೂ ಕುರ್ಚಿಗೂ ಎಷ್ಟು ಹೆಜ್ಜೆ ಎಂಬುದು ಅವರಿಗೆ ಕಂಠಪಾಠವಾಗಿರಬೇಕು. ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲವಂತೆ. ಬೇಸಿಗೆಯಲ್ಲೂ ಮೈಬಿಡದ ಬೂದು ಕೋಟಿನ ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಸೀಟಿ ಮತ್ತು ಸ್ಕ್ರೂಡ್ರೈವರು. ನನ್ನ ಮಗಳು ಪುಟ್ಟಿ ಅವರಿಗೆ ಬಾಗಿಲಜ್ಜ ಎಂದು ಹೆಸರಿಟ್ಟಳು, ಬೀದಿಯವರೂ ಅದನ್ನೇ ಹಿಡಿದುಕೊಂಡರು.

ಇಂಥವರ ಪಾಲಿಗೆ ಡಿಸೆಂಬರ್ ಎಂದರೆ ಅಗ್ನಿಪರೀಕ್ಷೆಯ ತಿಂಗಳು. ಊರಿಗೆ ಊರೇ ದೀಪದ ಸರ ತೊಟ್ಟು, ಅಂಗಡಿ ಅಂಗಡಿಯ ಗಾಜಿನ ಹಿಂದೆ ಹತ್ತಿಯ ಹಿಮ ಸುರಿದು, ಜನ ಕೈಗೆ ಕೈ ಬೆಸೆದುಕೊಂಡು ಸುಮ್ಮನೆ ತಿರುಗುವುದನ್ನೇ ಸಂಭ್ರಮ ಮಾಡಿಕೊಂಡಿರುವಾಗ, ಮಾವ ಒಂದು ಕಂಬದ ಬುಡದಲ್ಲಿ ನೆಟ್ಟಗೆ ನಿಂತುಬಿಡುವರು. ಒಂದೇ ಪ್ಲಗ್ಗಿಗೆ ಒಂಬತ್ತು ಸರ! "ರೀ, ದೀಪ ನೋಡಿ ಅಂತ ಕರ್ಕೊಂಡು ಬಂದ್ರೆ ವೈರು ನೋಡ್ತೀರಲ್ಲ!" ಎಂದು ಅತ್ತೆ ತೋಳು ಹಿಡಿದು ಎಳೆಯುವರು. ಮನೆಯಲ್ಲಿ ಕ್ರಿಸ್‌ಮಸ್ ಮರದ ಹಿಂದೆ ಒಂದು ಬಕೆಟ್ ನೀರು ಕಾಯಂ. ಬಂದವರು ನಗಬಾರದೆಂದು ಅತ್ತೆ ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿದರು, ಪುಟ್ಟಿ ಅದರಲ್ಲಿ ಕಾಗದದ ದೋಣಿ ಬಿಟ್ಟಳು.

ನಾನೂ ಒಳಗೊಳಗೇ ನಗುತ್ತಿದ್ದವನೇ. ಒಮ್ಮೆ ಮಾತ್ರ, ಕೇಕಿನ ಮೇಲಿನ ಮೇಣದಬತ್ತಿಯನ್ನು ಅವರು ಬೆರಳಲ್ಲೇ ಚಿವುಟಿ ಆರಿಸಿದಾಗ, ಇಷ್ಟು ಭಯವೇಕೆ ಮಾವ ಎಂದು ಕೇಳಿಬಿಟ್ಟೆ. "ಜನ ಬೆಂಕಿಗೆ ಸಾಯಲ್ಲ ಅಳಿಯಂದಿರೇ, ಬಾಗಿಲಿಗೆ ಸಾಯ್ತಾರೆ. ನಾನು ಒಂದು ಬಾಗಿಲು ಒಡೆದಿದ್ದೆ. ಅದರ ಹಿಂದೆ ಬರೀ ಕುರ್ಚಿ ಪೇರಿಸಿದ್ರು. ಕುರ್ಚಿಗಳ ಆಚೆ..." ಎಂದವರು ಕೈ ತೊಳೆಯಲು ಎದ್ದುಹೋದರು. ಅಂದಿನಿಂದ ನನ್ನ ನಗು ಅರ್ಧಕ್ಕೆ ಇಳಿಯಿತು.

ಪುಟ್ಟಿಗೆ ಏಳು ವರ್ಷವಾಗಿದ್ದಾಗ ಶಾಲೆಯ ಕ್ರಿಸ್‌ಮಸ್ ನಾಟಕದ ನಡುವೆ ಮಾವ ಎದ್ದು ನಿಂತು ಸೀಟಿ ಊದಿದರು: ಪರದೆಯ ಪಕ್ಕದ ಬಲ್ಬು ಬಟ್ಟೆಗೆ ತಾಗುತ್ತಿತ್ತು. ಆಟ ಅರ್ಧ ಗಂಟೆ ನಿಂತಿತು. ದೇವದೂತೆಯ ರೆಕ್ಕೆ ಕಟ್ಟಿಕೊಂಡು ನಿಂತಿದ್ದ ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತು, ಹತ್ತು ದಿನ ಅಜ್ಜನ ಜೊತೆ ಟೂ ಬಿಟ್ಟಳು. ಮಾವ ಆ ಹತ್ತು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದ್ದರಿಂದ ಮರುವರ್ಷ, ನಗರದ ನಡುವಿನ ದೊಡ್ಡ ಅಂಗಡಿಯ ಎರಡನೇ ಮಹಡಿಯ ಸಭಾಂಗಣದಲ್ಲಿ ಪುಟ್ಟಿ ಮೊದಲ ಬಾರಿಗೆ ಒಬ್ಬಳೇ ಹಾಡುವುದೆಂದಾದಾಗ, ಅತ್ತೆ ಸೀಟಿಯನ್ನು ಕಿತ್ತುಕೊಂಡರು. ಪುಟ್ಟಿ ಅಜ್ಜನ ಗಲ್ಲ ಹಿಡಿದು, "ನನ್ನನ್ನೇ ನೋಡ್ಬೇಕು. ಬಾಗಿಲು ನೋಡ್ಬಾರ್ದು. ಆಣೆ ಮಾಡು," ಎಂದಳು. ಮಾವ ಆಣೆ ಮಾಡಿದರು.

ಒಳಗೆ ಹೋದೆವು. ಇನ್ನೂರು ಜನ, ನಲವತ್ತು ಮಕ್ಕಳು, ಪ್ರತಿ ಮಗುವಿನ ಕೈಯಲ್ಲೂ ಉರಿಯುವ ಮೇಣದಬತ್ತಿ. ಬಂದ ದಾರಿಯೊಂದು ಬಿಟ್ಟರೆ ಇನ್ನೊಂದೇ ಬಾಗಿಲು, ಹೊರಗಿನ ಕಬ್ಬಿಣದ ಮೆಟ್ಟಿಲಿಗೆ ತೆರೆಯುವಂಥದ್ದು, ವೇದಿಕೆಯ ಬಲಕ್ಕಿತ್ತು. ಅದಕ್ಕೆ ಅಡ್ಡಲಾಗಿ ಎರಡಾಳು ಎತ್ತರದ ಪ್ಲಾಸ್ಟಿಕ್ ಮರ, ಮರದ ಸುತ್ತ ಉಡುಗೊರೆಯ ವೇಷದ ಖಾಲಿ ಡಬ್ಬಿಗಳ ರಾಶಿ. ಮಾವನ ತುಟಿಯ ಎಣಿಕೆ ತಟ್ಟನೆ ನಿಂತಿತು.

ಅಂಗಡಿಯ ಮ್ಯಾನೇಜರನ ಬಳಿ ಹೋಗಿ ಪಿಸುಮಾತಿನಲ್ಲೇ ವಿಷಯ ಹೇಳಿದರು. "ಒಂದು ಗಂಟೆ ಪ್ರೋಗ್ರಾಮು ಸಾರ್. ಹಬ್ಬದ ದಿನ ಏನೂ ಆಗಲ್ಲ, ಕೂತ್ಕೊಳ್ಳಿ," ಎಂದು ಆತ ಬೆನ್ನು ತಟ್ಟಿ ಕಳಿಸಿದ. ಮಾವ ಬಂದು ಕೂತರು. ಹಾಡು ಶುರುವಾಯಿತು. ಅವರ ಬಲಗೈ ಖಾಲಿ ಜೇಬಿನಲ್ಲಿ ಸೀಟಿಯನ್ನು ತಡಕುತ್ತಿತ್ತು. ಅತ್ತೆ ಅವರ ಎಡಗೈಯನ್ನು ಗಟ್ಟಿಯಾಗಿ ಹಿಡಿದೇ ಇದ್ದರು. ಎರಡನೆಯ ಹಾಡಿನ ನಡುವೆ ಒಂದು ಮಗುವಿನ ಬತ್ತಿ ಮುಂದಿನವಳ ಜಡೆಯ ಹತ್ತಿರಕ್ಕೆ ಬಾಗಿ ಮತ್ತೆ ನೆಟ್ಟಗಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಬರಿದಾಗಿತ್ತು.

ಪುಟ್ಟಿ ಮುಂದೆ ಬಂದಳು. ಅವಳ ಕಣ್ಣು ನಮ್ಮ ಸಾಲನ್ನು ಹುಡುಕಿತು, ಖಾಲಿ ಕುರ್ಚಿಯ ಮೇಲೆ ನಿಂತಿತು. ಅವಳು ಹಾಡತೊಡಗಿದಳು, ಅದೇ ಹೊತ್ತಿಗೆ ಆ ಮಹಾವೃಕ್ಷ ಅಲುಗಿತು. ಡಬ್ಬಿಗಳು ಒಂದೊಂದಾಗಿ ಗೋಡೆಯ ಬದಿಗೆ ಸರಿದವು. ಆಮೇಲೆ ಗಂಟೆ, ತಾರೆ, ಹತ್ತಿಯ ಹಿಮಗಳ ಸಮೇತ ಮರವೇ ಗೇಣು ಗೇಣಾಗಿ ನಡೆಯತೊಡಗಿತು. ಸಭಿಕರು ಇದೂ ಕಾರ್ಯಕ್ರಮದ ಚಮತ್ಕಾರವೆಂದು ಚಪ್ಪಾಳೆ ತಟ್ಟಿದರು. ಕೊಂಬೆಗಳ ಕೆಳಗೆ ಪಾಲಿಶ್ ಮಾಡಿದ ಎರಡು ಬೂಟುಗಳು, ಎಡಗಾಲಿನದು ತುಸು ಎಳೆಯುತ್ತ. ಪುಟ್ಟಿಯ ದನಿ ಒಮ್ಮೆ ನಡುಗಿತು; ನಿಂತೇಹೋಯಿತೆಂದು ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಸ್ಕ್ರೂಡ್ರೈವರಿನ ಕಿರಕಿರ, ತುಕ್ಕು ಹಿಡಿದ ಚಿಲಕದ ಧಡ್ ಎಂಬ ಸದ್ದು, ಬಾಗಿಲು ತೆರೆದು ತಣ್ಣನೆಯ ಗಾಳಿ ನುಗ್ಗಿತು. ನಲವತ್ತು ಬತ್ತಿಗಳೂ ಒಟ್ಟಿಗೆ ಆರಿಹೋದವು. ಪುಟ್ಟಿ ಆರಿದ ಬತ್ತಿಯನ್ನು ಹಿಡಿದುಕೊಂಡೇ ಹಾಡನ್ನು ಕೊನೆ ಮುಟ್ಟಿಸಿದಳು.

ಮ್ಯಾನೇಜರು ಕೆಂಡಾಮಂಡಲವಾಗಿದ್ದ. "ಎಲ್ಲಾ ಹಾಳು ಮಾಡಿದ್ರಲ್ಲ! ಈಗ ಏನಾಗಿಹೋಯ್ತು ಅಂತ?"

"ಏನೂ ಆಗ್ಲಿಲ್ಲ," ಎಂದರು ಮಾವ, ಕೋಟಿನ ಮೇಲಿನ ಹತ್ತಿಯನ್ನು ಕೊಡವಿಕೊಳ್ಳುತ್ತ.

ಮನೆಗೆ ಹಿಂತಿರುಗುವಾಗ ದೀಪದ ಬೀದಿಗಳುದ್ದಕ್ಕೂ ಪುಟ್ಟಿ ಅಜ್ಜನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ, "ನೀನು ನನ್ನ ನೋಡ್ಲೇ ಇಲ್ಲ," ಎಂದಳು. "ಕೇಳಿಸ್ಕೊಂಡೆ ಕಣೇ. ಮೂರನೇ ಸಾಲಲ್ಲಿ ದನಿ ಒಂಚೂರು ನಡುಗ್ತು. ಆಮೇಲೆ ಗಟ್ಟಿಯಾಯ್ತು," ಎಂದರು ಮಾವ. ಅವಳು ಅಮ್ಮನ ಕೈ ಹಿಡಿದು ಒಳಗೆ ನಡೆದಳು. ಆಣೆ ತಪ್ಪಿದ ಮುದುಕನ ಮುಖವನ್ನು ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ.

ಮುಂದಿನ ಡಿಸೆಂಬರಿನಲ್ಲಿ ಬೇರೊಂದು ಸಭಾಂಗಣ. ನಾವು ಒಳಗೆ ಹೋಗುವ ಮೊದಲೇ ಪುಟ್ಟಿ, ಹಾಡುವ ಬಿಳಿ ಉಡುಪಿನಲ್ಲೇ, ಎಲ್ಲಿಂದಲೋ ಏದುಸಿರು ಬಿಡುತ್ತ ಓಡಿಬಂದಳು. "ಅಜ್ಜ, ಮೂರು ಬಾಗಿಲಿದೆ. ಮೂರೂ ತೆಗೆದು ನೋಡಿದೀನಿ. ಎಲ್ಲಾ ಹೊರಗಡೆಗೇ ತೆಗೆಯುತ್ತೆ. ಈಗ ಕೂತ್ಕೋ, ನನ್ನ ನೋಡು." ಮಾವ ಕೂತರು. ಅವಳ ಹಾಡು ಮುಗಿಯುವವರೆಗೂ ಅವರ ಕತ್ತು ಒಮ್ಮೆಯೂ ಆಚೀಚೆ ಹೊರಳಲಿಲ್ಲ. ಕಣ್ಣು ಮಾತ್ರ ತುಂಬಿ ತುಂಬಿ ಬರುತ್ತಿತ್ತು.

ಬೆಂಕಿಯನ್ನು ಆರಿಸಿದವರಿಗೆ ಪದಕ ಉಂಟು. ಅದು ಹೊತ್ತದಂತೆ ನೋಡಿಕೊಂಡವರಿಗೆ ಸಿಕ್ಕುವುದು ಗೇಲಿ, ಇಲ್ಲವೇ ಮೊಮ್ಮಕ್ಕಳ ಮುನಿಸು. ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಹೇಳುವವರಾರು? ನಮ್ಮ ಸಂಭ್ರಮಗಳೆಲ್ಲ ನಿರಾತಂಕವಾಗಿ ಮುಗಿಯುವುದು ಇಂಥ ಕೆಲವರು ಅವನ್ನು ನೋಡದೆ ಬೇರೆಲ್ಲೋ ಕಣ್ಣಿಟ್ಟಿರುವುದರಿಂದ. ಅವರ ಕಾವಲನ್ನು ಒಂದು ಹಾಡಿನ ಹೊತ್ತು ನಾವು ವಹಿಸಿಕೊಂಡರೆ, ಅವರೂ ನಮ್ಮ ಪಕ್ಕದಲ್ಲಿ ಕೂತು ದೀಪ ನೋಡಿಯಾರು.