ನೀರಿನ ಟ್ಯಾಂಕಿನ ಹಿಂದೆ

ಹದಿನಾಲ್ಕು ವರ್ಷಗಳಿಂದ ನಾನು ಧೂಳು ತೂಗುತ್ತಿದ್ದೇನೆ. ಕಚೇರಿಯ ತಾರಸಿಯ ಮೇಲೊಂದು ಯಂತ್ರ ಗಾಳಿ ಎಳೆಯುತ್ತದೆ. ಅದರೊಳಗಿನ ಬಿಳಿ ಕಾಗದಕ್ಕೆ ಊರಿನ ಹೊಗೆಯೆಲ್ಲ ಮೆತ್ತಿಕೊಳ್ಳುತ್ತದೆ. ದಿನವೂ ಆ ಕಾಗದ ಬದಲಾಯಿಸಿ, ತೂಗಿ, ಬರೆದಿಡುವುದು ನನ್ನ ಕೆಲಸ. 'ಧೂಳು ತೂಗಿ ಹೊಟ್ಟೆ ಹೊರೆಯೋಳು' ಎಂದು ಅಣ್ಣ ಗೇಲಿ ಮಾಡುತ್ತಾನೆ.

ಅವನು ಇಟ್ಟಿಗೆ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದವನು. ಆರು ವರ್ಷದ ಹಿಂದೆ, ಊರಿನ ಹೊಗೆಗೆಲ್ಲ ಗೂಡೇ ಕಾರಣವೆಂದು ಮುಚ್ಚಿಸಿದರು. ಅದೇ ವರ್ಷ ನನ್ನ ಲೆಕ್ಕದಲ್ಲಿ ಧೂಳು ಅರ್ಧಕ್ಕಿಳಿಯಿತು. ಇಳಿಯುವ ಆ ಗೆರೆ ಪತ್ರಿಕೆಯಲ್ಲಿ ಬಂದಾಗ ಅಣ್ಣ ಕತ್ತರಿಸಿ ಗೋಡೆಗೆ ಅಂಟಿಸಿದ. ಈಗ ಗೋದಾಮು ಕಾಯುತ್ತಾನೆ. ಯಾರಾದರೂ ಮರುಕಪಟ್ಟರೆ ಗೋಡೆ ತೋರಿಸುತ್ತಾನೆ. 'ನನ್ನ ಕೆಲಸ ಹೋಯ್ತು, ಮಕ್ಕಳ ಕೆಮ್ಮೂ ಹೋಯ್ತು ಬಿಡಿ.'

ಮೊನ್ನೆ ಹೊಸ ಅಧಿಕಾರಿ ಮೇಡಂ ಹತ್ತು ವರ್ಷದ ಅಂಕಿ ಹರಡಿಕೊಂಡು ಕೇಳಿದರು. 'ಗೂಡು ಮುಚ್ಚಿದಾಗ ಧೂಳು ಇಳಿದಿಲ್ಲ. ಎರಡು ತಿಂಗಳಾದ್ಮೇಲೆ ಒಂದೇ ದಿನದಲ್ಲಿ ಇಳಿದಿದೆ. ಆವತ್ತು ಏನಾಯ್ತು?'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆವತ್ತು ಮಂಡಿನೋವಿಗೆ ಏಣಿ ಹತ್ತಲಾರದೆ, ತಾರಸಿಯಲ್ಲಿ ರಸ್ತೆ ಕಡೆಗಿದ್ದ ಎತ್ತರದ ಕಟ್ಟೆಯ ಮೇಲಿಂದ ಯಂತ್ರವನ್ನು ನೀರಿನ ಟ್ಯಾಂಕಿನ ಹಿಂದೆ, ರಸ್ತೆಯ ಗಾಳಿ ತಾಗದ ಮರೆಗೆ ಇಳಿಸಿಕೊಂಡಿದ್ದೆ. ಒಂದೇ ತಾರಸಿ, ಅದರಲ್ಲೇನು ಮಹಾ ಎಂದು ಯಾರಿಗೂ ಹೇಳಿರಲಿಲ್ಲ.

'ಯಂತ್ರ ಸರಿಸಿದ್ದೆ ಮೇಡಂ' ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಂತ್ರ ಹಳೆಯ ಜಾಗಕ್ಕೆ ಹೋಯಿತು. ಮರುದಿನದ ಕಾಗದ ಕಪ್ಪಗಿತ್ತು, ಆರು ವರ್ಷದ ಹಿಂದಿನಷ್ಟೇ ಭಾರ. ನನಗೆ ಮೇಡಮ್ಮಿಗಿಂತ ಅಣ್ಣನ ಗೋಡೆಯ ಭಯವೇ ಹೆಚ್ಚಾಯಿತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲೆಂದು ಆ ಕಾಗದವನ್ನು ಲಕೋಟೆಯಲ್ಲಿಟ್ಟು ಅವನ ಮನೆಗೆ ಒಯ್ದೆ.

ಎಲ್ಲ ಕೇಳಿಸಿಕೊಂಡು, ಕಾಗದವನ್ನು ಹೆಬ್ಬೆರಳಲ್ಲಿ ಉಜ್ಜಿ ಮೂಸಿದ.

'ಇದು ಗೂಡಿನ ಮಸಿ ಅಲ್ಲ ಕಣೇ. ಗೂಡಿಂದು ಒಣಗಿರುತ್ತೆ, ಉದುರುತ್ತೆ. ಇದು ಜಿಡ್ಡು. ಲಾರಿದು.'

'ಗೂಡು ಮುಚ್ಚಿ ಆರು ವರ್ಷ ಆಯ್ತಲ್ಲ ಅಣ್ಣ.'

'ಗೂಡು ಉರೀತಿದ್ದಾಗಿನ ಕಾಗದ ಇಟ್ಟಿದ್ದೀರಾ?'

'ಎಲ್ಲಾ ಇದೆ. ಕಪಾಟು ತುಂಬಾ.'

'ಹಾಗಾದ್ರೆ ಉಜ್ಜಿ ನೋಡು. ಅದ್ರಲ್ಲಿ ನನ್ನ ಪಾಲು ಎಷ್ಟಿತ್ತು ಗೊತ್ತಾಗ್ಲಿ.'

ಬೆಳಿಗ್ಗೆ ಕಚೇರಿಯಲ್ಲಿ ಗೂಡಿದ್ದ ಕಾಲದ ಪೆಟ್ಟಿಗೆ ಇಳಿಸಿ ಒಂದು ಕಾಗದ ಉಜ್ಜಿದೆ. ಜಿಡ್ಡು. ಹತ್ತು ಉಜ್ಜಿದೆ. ಉದುರುವಂಥದು ಎರಡರಲ್ಲಿ ಮಾತ್ರ, ಅದೂ ಒಂದು ಚಿಟಿಕೆ. ಲಕೋಟೆಗಳ ಮೇಲಿದ್ದದ್ದು ನನ್ನದೇ ಕೈಬರಹ. ಪ್ರತಿಯೊಂದನ್ನೂ ತೂಗಿದ್ದೆ, ಒಂದನ್ನೂ ಮುಟ್ಟಿ ನೋಡಿರಲಿಲ್ಲ. ಕಪ್ಪಾದ ಬೆರಳು ಹಿಡಿದುಕೊಂಡೇ ಅತ್ತುಬಿಟ್ಟೆ, ಆಮೇಲೆ ಮೇಡಂ ಕೋಣೆಯ ಬಾಗಿಲು ತಟ್ಟಿದೆ.