ಕಸವೆಂದು ತೆಗೆದ ಕಲ್ಲುಗಳು

ಕೆರೆ ಎಂದರೆ ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳಬೇಕು. ಗಂಗಾಂಬಿಕಾ ಕಂಡಿದ್ದು ಅಂಥ ಕೆರೆಗಳನ್ನೇ. ಕೆನಡಾದ ಉತ್ತರ ತುದಿಯ ಆ ಸರೋವರ ಮಾತ್ರ ಅಮೆರಿಕದ ಶ್ಯಾಂಟಿಲಿಯಲ್ಲಿದ್ದ ಅವಳ ಆಫೀಸಿನ ಪರದೆಯಲ್ಲೂ ಒಂದೇ ಸಲಕ್ಕೆ ಹಿಡಿಸುತ್ತಿರಲಿಲ್ಲ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲವನ್ನು ಚೊಕ್ಕ ಮಾಡಿ ನಕಾಶೆಗೆ ಇಳಿಸುವುದು ಅವಳ ಕೆಲಸ. ಮೊಣಕಾಲಿಗಿಂತ ತಗ್ಗಿದ್ದ ಕಲ್ಲುಗಳನ್ನೆಲ್ಲ ಕಸವೆಂದು ಬಗೆದು ಫಿಲ್ಟರ್ ಹಾಕಿ ತೆಗೆದಿದ್ದಳು. ನಕಾಶೆ ಅಂಗೈಯಂತೆ ನುಣುಪಾಯಿತು. ಅದನ್ನು ನಂಬಿ ಗಣಿ ಕಂಪನಿಯವರು ಪೂರ್ವದ ದಡದುದ್ದಕ್ಕೂ ಲಾರಿ ರಸ್ತೆಯ ಗೆರೆ ಎಳೆದು, 'ಜನ ಇದ್ದ ಗುರುತಿಲ್ಲ' ಎಂದು ಬರೆದುಕೊಂಡರು.

ಬುಧವಾರದ ವಿಡಿಯೊ ಸಭೆಯಲ್ಲಿ ಆ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನರ ಹಿರಿಯಳು ಎಲಿಸಾಪಿ ನಕಾಶೆಯನ್ನು ಬಹಳ ಹೊತ್ತು ನೋಡಿದಳು. ಅವಳ ಮಾತನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಕಲ್ಲುಗಳೆಲ್ಲಿ?"

ಹಿಂದೆ ಅವಳ ಜನ ಬೇಟೆಗೆ ಬಂದಾಗ ಚರ್ಮದ ಡೇರೆ ಗಾಳಿಗೆ ಹಾರದಂತೆ ಅಂಚಿನ ಸುತ್ತ ಕಲ್ಲು ಹೇರುತ್ತಿದ್ದರಂತೆ. ಹಿಮಸಾರಂಗಗಳು ನೀರು ದಾಟಿ ಹೋದ ಮೇಲೆ ಡೇರೆ ಮಡಚಿಕೊಂಡು ಹೊರಡುವರು. ಕಲ್ಲಿನ ಸುತ್ತು ಇದ್ದಲ್ಲೇ ಇರುವುದು, ಮುಂದೆ ಬರುವವರಿಗಾಗಿ.

"ನಮ್ಮಮ್ಮ ಹುಟ್ಟಿದ್ದು ಅಂಥದೊಂದು ಸುತ್ತಿನೊಳಗೆ. ನಿಮ್ಮ ರಸ್ತೆ ಅಲ್ಲೇ ಹೋಗುತ್ತಿದೆ," ಎಂದಳು ಎಲಿಸಾಪಿ.

ಮ್ಯಾನೇಜರ್ ವೇಣುಗೋಪಾಲ 'ಪರಿಶೀಲಿಸುತ್ತೇವೆ' ಎಂದು ಸಭೆ ಮುಗಿಸಿದ. ಗಂಗಾಂಬಿಕಾ ಫಿಲ್ಟರ್ ತೆಗೆದು ನೋಡಿದಳು. ಖಾಲಿ ದಡದ ಮೇಲೆ ದುಂಡಗೆ, ಸಾಲಾಗಿ, ನಲವತ್ತೊಂದು ಸುತ್ತುಗಳು ಎದ್ದವು. ಇವು ತಾವಾಗಿ ಉರುಳಿ ಬಿದ್ದ ಕಲ್ಲುಗಳಲ್ಲ ಎಂದು ಕುರಿ ಕಾಯುವವನೂ ಹೇಳಿಯಾನು.

ಸಂಜೆ ಪಕ್ಕದ ಊರಾದ ಹರ್ನ್‌ಡನ್‌ನ ಮನೆಯಲ್ಲಿ ಗಂಡ ಸಿದ್ಧಲಿಂಗೇಶ್ ಎಲ್ಲ ಕೇಳಿ ತಟ್ಟೆ ಸರಿಸಿದ. "ಫಿಲ್ಟರ್ ಹಾಕಂತ ಹೇಳಿದವ್ರು ಆಫೀಸಿನವ್ರು. ನಿನ್ನ ಕೊರಳಿಗೆ ನೀನ ಯಾಕ ಉರುಲು ಹಾಕ್ಕೋತಿ?"

"ಮೊಣಕಾಲಿನ ಅಳತಿ ಇಟ್ಟಾಕಿ ನಾನ ರೀ."

"ಮುಂದಿನ ತಿಂಗಳ ನಿನ್ನ ನೌಕರಿ ಮ್ಯಾಲಿನ ವೀಸಾ ಎಕ್ಸ್‌ಟೆನ್ಶನ್ ಐತಿ. ನಾನೂ ಮಗಳೂ ನಿನ್ನ ಸೆರಗಿಗೆ ಜೋತು ಬಿದ್ದೀವಿ, ನೆನಪೈತೇನು?"

"ಅದಕ್ಕ ಊಟ ಸೇರವಲ್ದು."

"ಹಂಗಾರ ಆ ರೊಟ್ಟಿ ಇತ್ಲಾಗ ಕೊಡು," ಎಂದು ಅವನು ನಗಿಸಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ.

ಬೆಳಿಗ್ಗೆ ಅವಳು ವೇಣುಗೋಪಾಲನ ಕೋಣೆಗೆ ಹೋಗಿ ತಪ್ಪು ತನ್ನದೆಂದಳು. ಅವನು ದನಿ ತಗ್ಗಿಸಿದ.

"ಗಂಗಾಂಬಿಕಾ ಅವ್ರೇ, ನಾಳೆ ರಿಪೋರ್ಟ್ ಸಬ್ಮಿಟ್ ಮಾಡ್ಬೇಕು. ಕ್ಲೈಂಟ್ ರೂಟ್ ಫೈನಲ್ ಮಾಡಾಗಿದೆ. ನೀವು ಈಗ ಎದ್ದು ಹೋದ್ರೆ ನಾನೇನೂ ಕೇಳಿಸ್ಕೊಂಡಿಲ್ಲ."

"ನಾ ಎದ್ದು ಹೋದ್ರೂ ಕಲ್ಲು ಅಲ್ಲೇ ಇರತಾವಲ್ರೀ."

"ನೀವು ಇಲ್ಲಿ ಇರ್ತೀರಾ ಅನ್ನೋದನ್ನ ಯೋಚ್ನೆ ಮಾಡಿ."

ಅವಳು ತನ್ನ ಜಾಗಕ್ಕೆ ಬಂದು ಕುಳಿತಳು. ಮೇಲ್ ಬರೆದು ಮೂರು ಸಲ ಅಳಿಸಿದಳು. ನಾಲ್ಕನೆಯ ಸಲ, ಸಭೆಯಲ್ಲಿದ್ದ ಎಲ್ಲರಿಗೂ ಕಳಿಸಿಬಿಟ್ಟಳು: ನಲವತ್ತೊಂದು ಸುತ್ತುಗಳಿವೆ, ಅವನ್ನು ಅಳಿಸಿದವಳು ನಾನು.

ಹನ್ನೆರಡೂವರೆಗೆ ಎರಡು ಮೇಲ್ ಬಂದವು. ಒಂದು ಎಚ್ಆರ್‌ನದು: ಎರಡು ಗಂಟೆಗೆ ಲ್ಯಾಪ್‌ಟಾಪ್, ಬ್ಯಾಡ್ಜ್ ತೆಗೆದುಕೊಂಡು ಬನ್ನಿ. ಇನ್ನೊಂದು ಮೊಮ್ಮಗಳದು. ಅಜ್ಜಿಗೆ ಮೂವತ್ತಾರು ಸುತ್ತು ಮಾತ್ರ ಗೊತ್ತಿದ್ದವು. ಉಳಿದ ಐದು ಯಾರ ಡೇರೆಗಳೋ ಎಂದು ಚಡಪಡಿಸುತ್ತಿದ್ದಾಳೆ, ಎಲ್ಲದರ ಚಿತ್ರ ಕಳಿಸುವಿರಾ?

ಇನ್ನೂ ಒಂದೂವರೆ ತಾಸಿತ್ತು. ಗಂಗಾಂಬಿಕಾ ಮೊದಲನೆಯ ಸುತ್ತನ್ನು ದೊಡ್ಡದು ಮಾಡಿ, ಅದರ ಕಲ್ಲುಗಳಿಗೆ ಗುರುತು ಹಾಕತೊಡಗಿದಳು. ಈ ಸಲ ಒಂದೂ ತಪ್ಪಿಹೋಗದಂತೆ ಒಂದೊಂದು ಕಲ್ಲನ್ನೂ ಎರಡೆರಡು ಸಲ ನೋಡಿಕೊಂಡಳು.