ಹೆಬ್ಬೆಟ್ಟಿನ ಮಿಷೀನಿಗೆ ಬೊಟ್ಟು

ಆಯುಧಪೂಜೆಯ ಮರುದಿನ ಬೆಳಗ್ಗೆ ಗೋಮತಿ ಕಪಾಟು ತೆಗೆದವಳೇ ಹಣೆ ಚಚ್ಚಿಕೊಂಡಳು. ಗ್ರೈಂಡರಿಗೆ, ದ್ರಾಕ್ಷಿಗೆ ಮದ್ದು ಹೊಡೆಯುವ ಪಂಪಿಗೆ ಇಟ್ಟಂತೆ ಊರವರಿಗೆ ಪಿಂಚಣಿ ಹಂಚಲು ಬ್ಯಾಂಕು ಅವಳ ಕೈಗೆ ಕೊಟ್ಟಿದ್ದ ಹೆಬ್ಬೆಟ್ಟಿನ ಮಿಷೀನಿಗೂ ಅತ್ತೆ ಕಮಲಮ್ಮಾಳ್ ಬೊಟ್ಟಿಟ್ಟಿದ್ದರು. ಇಟ್ಟಿದ್ದೆಲ್ಲಿ? ಸರಿಯಾಗಿ ಬೆರಳು ಒತ್ತುವ ಗಾಜಿನ ಮೇಲೆ! ಅದೂ ಚಿಟಿಕೆಯಷ್ಟಲ್ಲ, ದೋಸೆಗೆ ಚಟ್ನಿ ಬಡಿಸಿದಷ್ಟು ಗಂಧ.

ಇವತ್ತೇ ತೇನಿಯಿಂದ ಬ್ಯಾಂಕಿನ ಬಾಲಮುರುಗನ್ ಬರುವವನಿದ್ದ. ಅವನ ಕಣ್ಣೆದುರು ಮಿಷೀನು ಕೆಲಸ ಮಾಡದಿದ್ದರೆ ಅದು ಬೇರೆ ಊರಿನ ಪಾಲು. ಗೋಮತಿಯ ಕೆಲಸವೂ ಹೋಯಿತು, ಹನುಮಂತನಪಟ್ಟಿಯ ಮುದುಕಿಯರು ಪಿಂಚಣಿಗೆ ಮತ್ತೆ ಬಸ್ಸಿಗೆ ಜೋತುಬೀಳಬೇಕು. ಅವಳು ಒದ್ದೆ ಬಟ್ಟೆ ಹಿಡಿದಳು.

ಅತ್ತೆ ಹಾರಿ ಬಂದು ಕೈ ಹಿಡಿದರು. “ಏನಡಿ ಮಾಡ್ತೀಯ? ಇಕ್ಕಿದ ಬೊಟ್ಟ ಅಳಸ್ತಾರಾ? ಮಿಷೀನು ಉದ್ದಾರ ಆಯ್ತದಾ?”

ಅಷ್ಟರಲ್ಲಿ ಬಾಲಮುರುಗನ್ ಬಂದೇಬಿಟ್ಟ. ಜಗಲಿಯಲ್ಲಿ ಪಿಂಚಣಿಯವರ ಸಾಲು ನಿಂತಿತು. ಮೊದಲಿಗೆ ಕರುಪ್ಪಯ್ಯ ತಾತ ಹೆಬ್ಬೆಟ್ಟು ಒತ್ತಿದ. ಮಿಷೀನು ಕೆಂಪಗೆ ಮಿಟುಕಿ ಸುಮ್ಮನಾಯಿತು.

“ದೃಷ್ಟಿ ಆಗ್ಯದೆ. ಒಂದು ನಿಂಬೆಹಣ್ಣು ಕೊಯ್ಯಿರಿ,” ಎಂದ ತಾತ.

“ಏನಮ್ಮಾ ಇದು?” ಬಾಲಮುರುಗನ್ ಮುಖ ಸಿಂಡರಿಸಿ ಮಿಷೀನನ್ನು ಚೀಲಕ್ಕೆ ಹಾಕಲು ಎದ್ದ. ಗೋಮತಿಗೆ ಅಳುವೇ ಬಂತು. ಅತ್ತೆಯನ್ನು ನೋಡಿದಳು, ಗಂಧವನ್ನು ನೋಡಿದಳು. ತಟ್ಟನೆ ಹೊಳೆಯಿತು.

“ಅತ್ತೆ, ಪೂಜೆ ಆದ ಗಂಧ ಪ್ರಸಾದ ಅಲ್ಲವಾ? ನೀವು ಯಾರಿಗೂ ಕೊಡಲೇ ಇಲ್ಲವಲ್ಲ!”

ಕಮಲಮ್ಮಾಳ್ ಕೆನ್ನೆ ಕೆನ್ನೆ ಬಡಿದುಕೊಂಡರು. “ಅಯ್ಯೋ ಸಾಮೀ, ತಪ್ಪಾಯ್ತು!” ಎಂದು ಹೆಬ್ಬೆಟ್ಟು ಒದ್ದೆ ಮಾಡಿ, ಗಾಜನ್ನು ಉಜ್ಜಿ, ಮೊದಲು ತಮ್ಮ ಹಣೆಗಿಟ್ಟುಕೊಂಡರು. ಹಿಂದೆಯೇ ಸಾಲೆಲ್ಲ ನುಗ್ಗಿತು. ಕೊನೆಗೆ ಉಳಿದ ಗಂಧ ಬಾಲಮುರುಗನ್ ಹಣೆಗೆ ಬಿತ್ತು. ಅವನು ಬೇಡವೆನ್ನುವುದಕ್ಕೂ ಯಾರೂ ಬಿಡಲಿಲ್ಲ. ಗಾಜು ಫಳಫಳ ಹೊಳೆಯಿತು.

ಕಮಲಮ್ಮಾಳ್ ಬೆರಳು ಒರೆಸಿಕೊಂಡು ಒತ್ತಿದರು. ಹಸಿರು ದೀಪ! ಚೀಟಿ ಕರಕರ ಹೊರಬಂತು. ಬಾಲಮುರುಗನ್ ನಕ್ಕುಬಿಟ್ಟ. “ಮಿಷೀನು ಇಲ್ಲೇ ಇರಲಿಮ್ಮಾ,” ಎಂದು ತಮಿಳಿನಲ್ಲಿ ಹೇಳಿ ಕಾಫಿಗೆ ಕೂತ. ಗೋಮತಿಗೆ ಹೋದ ಜೀವ ಬಂದಂತಾಯಿತು.

ತಿರುಗಿ ನೋಡಿದರೆ ಅತ್ತೆ ಮತ್ತೆ ಗಂಧದ ಬಟ್ಟಲು ಹಿಡಿದು ನಿಂತಿದ್ದಾರೆ. “ಪಾಪ, ಮಿಷೀನಿನ ಹಣೆ ಬೋಳಾಗ್ಯದೆ ನೋಡು.”

ಗೋಮತಿ ಮಿಷೀನನ್ನು ಗಬಕ್ಕನೆ ಎತ್ತಿ ಬೋರಲು ಹಾಕಿದಳು.

“ಆ ಗಾಜು ಅದರ ಕಣ್ಣು ಅತ್ತೆ. ಹಣೆ ಈ ಕಡೆಗಿದೆ. ಇಲ್ಲಿಡಿ, ಎಷ್ಟು ಬೇಕಾದರೂ ಇಡಿ.”